ಹೊಸ್ತಿಲು ದಾಟದ ಎದೆನೋವು

ಸಾವಿನ ಮನೆಗೆ ಅಳಲು ಬರುವವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಯಾರಾದರೂ ತೀರಿಕೊಂಡರು ಅಂತ ಸುದ್ದಿ ಬಂದರೆ ನಾನೂ ಹೋಗುತ್ತೇನೆ. ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೂತು, ಒಂದು ಲೋಟ ನೀರು ತಂದು ಆ ಮನೆಯ ಹೆಂಗಸಿನ ಮುಂದೆ ಇಡುತ್ತೇನೆ. ತಬ್ಬಿಕೊಳ್ಳುವುದಿಲ್ಲ. ಹೇಗಾಯಿತು, ಏನಾಯಿತು ಅಂತ ಕೇಳುವುದಿಲ್ಲ. ಇದನ್ನು ನೋಡಿ ನೆಂಟರು ನನ್ನನ್ನು ಕಲ್ಲು ಮನಸ್ಸಿನವಳು ಅನ್ನುತ್ತಾರೆ. ಅನ್ನಲಿ. ಅವರ ಮೆತ್ತನೆ ಮನಸ್ಸು ಏನು ಮಾಡುತ್ತದೆ ಅನ್ನುವುದನ್ನು ನಾನು ನಮ್ಮ ಮನೆಯ ನಡುಮನೆಯಲ್ಲೇ ಕಂಡಿದ್ದೇನೆ.

ನನ್ನ ಕೆಲಸ ಇಸಿಜಿ ತೆಗೆಯುವುದು. ಎರಡು ಸಾವಿರದ ಎಂಟರಿಂದ ಯಲಹಂಕದ ಒಂದು ನರ್ಸಿಂಗ್ ಹೋಮಿನಲ್ಲಿ ಇದನ್ನೇ ಮಾಡಿಕೊಂಡಿದ್ದೇನೆ. ಮಂಚದ ಮೇಲೆ ಮಲಗಿದವರ ಕೈಕಾಲಿಗೆ ಕ್ಲಿಪ್ ಹಾಕಿ, ಎದೆಗೆ ಜೆಲ್ ಹಚ್ಚಿ, ಆರು ರಬ್ಬರ್ ಬುರುಡೆ ಅಂಟಿಸಿ, ಅವರ ಎದೆಬಡಿತ ಗುಲಾಬಿ ಬಣ್ಣದ ಗ್ರಾಫ್ ಕಾಗದದ ಮೇಲೆ ಗೆರೆಯಾಗಿ ಹೊರಗೆ ಬಂದಮೇಲೆ ಹರಿದು ಡಾಕ್ಟರಿಗೆ ಕೊಡುವುದು. "ಬಳೆ ಮೇಲಕ್ಕೆ ಸರಿಸ್ಕೊಳ್ಳಿ, ತಾಳಿ ಪಕ್ಕಕ್ಕೆ ಹಾಕ್ಕೊಳ್ಳಿ, ಮಾತಾಡ್ಬೇಡಿ, ಉಸಿರು ಬಿಗಿ ಹಿಡೀಬೇಡಿ." ಈ ನಾಲ್ಕು ಮಾತು ನನಗೆ ನಿದ್ದೆಯಲ್ಲೂ ಬರುತ್ತವೆ. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಯಂತ್ರವನ್ನಲ್ಲ, ಮುಖವನ್ನು. ಕಾಗದದ ಮೇಲೆ ಏನೇ ಬರಲಿ, ಮುಖದಲ್ಲಿ ಏನೂ ತೋರಿಸಬಾರದು. ಮಲಗಿದವರು ನೋಡುವುದು ಕಾಗದವನ್ನಲ್ಲ, ನಮ್ಮ ಮುಖವನ್ನು. ಹೇಳುವುದೇನಿದ್ದರೂ ಡಾಕ್ಟರು ಹೇಳಬೇಕು.

ಅಪ್ಪ ಹೋದದ್ದು ಎರಡು ಸಾವಿರದ ಹನ್ನೆರಡರ ಅವರೆಕಾಯಿ ಕಾಲದಲ್ಲಿ. ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬೆಳಿಗ್ಗೆ ಒಂದು ಚೀಲ ಅವರೆಕಾಯಿ ತಂದರು, ಅರ್ಧ ಮನೆಗೆ ಇಟ್ಟರು, ಇನ್ನರ್ಧವನ್ನು ಬಟ್ಟೆ ಚೀಲಕ್ಕೆ ಸುರಿದುಕೊಂಡು ಹುಣಸಮಾರನಹಳ್ಳಿಯಲ್ಲಿರುವ ತಮ್ಮ ಅಕ್ಕನ ಮನೆಗೆ ಹೊರಟರು. ಬಸ್ಸು ಇಳಿದು ರಸ್ತೆ ದಾಟುವಾಗ ಕಾರು ಬಂದು ಹೊಡೆಯಿತು. ಏರ್‌ಪೋರ್ಟಿಗೆ ಹೋಗುವವರಿಗೆ ವಿಮಾನ ತಪ್ಪಬಾರದು ಅಂತ ಮಾಡಿದ ರಸ್ತೆ ಅದು. ಈ ಬದಿಯಲ್ಲಿ ಬಸ್ಸಿಳಿದವನು ಆ ಬದಿಯ ತನ್ನ ಅಕ್ಕನ ಮನೆಗೆ ಹೇಗೆ ಹೋಗಬೇಕು ಅನ್ನುವುದು ಅದನ್ನು ಮಾಡಿದವರಿಗೆ ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಮೂವತ್ತು ವರ್ಷ ಬಸ್ ಓಡಿಸಿ ಒಂದು ನಾಯಿಗೂ ಗಾಯ ಮಾಡದೆ ನಿವೃತ್ತರಾಗಿದ್ದರು.

ಅಮ್ಮ ಅಳಲಿಲ್ಲ. ದೇಹವನ್ನು ಮನೆಗೆ ತಂದಾಗ ಅಳಲಿಲ್ಲ, ಎತ್ತಿಕೊಂಡು ಹೋಗುವಾಗಲೂ ಅಳಲಿಲ್ಲ. ಗೋಡೆಗೆ ಒರಗಿ ಕೂತು ಸೆರಗಿನ ಅಂಚನ್ನು ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು, ಅಷ್ಟೇ. ಬಂದ ಹೆಂಗಸರಿಗೆಲ್ಲ ಅದೇ ದೊಡ್ಡ ಚಿಂತೆಯಾಯಿತು. "ಅಳ್ತಾನೇ ಇಲ್ವಲ್ಲ, ಅಳಿಸ್ರಮ್ಮ ಅವಳನ್ನ, ಇಲ್ಲಾಂದ್ರೆ ಒಳಗೇ ಉಳ್ಕೊಳತ್ತೆ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಅಮ್ಮನನ್ನು ಅಳಿಸುವ ಉಸ್ತುವಾರಿ ವಹಿಸಿಕೊಂಡವಳು ಅಪ್ಪನ ಅಕ್ಕ, ನನ್ನ ಸೋದರತ್ತೆ.

ಅತ್ತೆಯ ಗಂಡ ಹೋಗಿ ಮೂವತ್ತು ವರ್ಷದ ಹತ್ತಿರವಾಗಿತ್ತು. ನಮ್ಮ ಕಡೆ ಗಂಡ ಸತ್ತವಳಿಗೆ ಶಾಸ್ತ್ರ ಮಾಡುವವರು ಗಂಡ ಸತ್ತವರೇ. ಹಾಗಾಗಿ ಆ ಹನ್ನೊಂದು ದಿನ ನಮ್ಮ ಮನೆ ಅತ್ತೆಯ ಕೈಯಲ್ಲಿತ್ತು. ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿ ಅಮ್ಮನನ್ನು ಕೂರಿಸಿದಳು. ಹನ್ನೊಂದು ದಿನ ಅಲ್ಲೇ ಕೂರಬೇಕು, ಹೊಸ್ತಿಲು ದಾಟಬಾರದು. ಹನ್ನೊಂದನೆಯ ದಿನ ಬೆಳಿಗ್ಗೆ ತಲೆ ತುಂಬ ಹೂವು ಮುಡಿಸಿ, ಕೈ ತುಂಬ ಹಸಿರು ಬಳೆ ತೊಡಿಸಿ, ದೊಡ್ಡ ಕುಂಕುಮ ಇಟ್ಟು, ಕೊನೆಯ ಸಲ ಮುತ್ತೈದೆ ಮಾಡಿ, ಆಮೇಲೆ ಒಂದೊಂದನ್ನೇ ತೆಗೆಯಬೇಕು. ಬಳೆಯನ್ನು ತೆಗೆಯುವುದಿಲ್ಲ, ಒಡೆಯುತ್ತಾರೆ. ಇದನ್ನೆಲ್ಲ ಅತ್ತೆ ನನಗೆ ಮದುವೆಮನೆಯ ಕೆಲಸ ಹಂಚುವವಳ ಹಾಗೆ ವಿವರಿಸಿದಳು. ಹೇಳುವಾಗ ಎಡಗೈ ಮುಷ್ಟಿ ಮಾಡಿ ಎದೆಯ ನಡುವೆ ಒತ್ತಿಕೊಳ್ಳುತ್ತಿದ್ದಳು. ನಾಟಕ ಅಂದುಕೊಂಡೆ.

ಇನ್ನು ಬರುವವರ ವಿಷಯ. ತಣಿಸಂದ್ರದಿಂದ ಒಂದು ಗುಂಪು, ಯಶವಂತಪುರದಿಂದ ಒಂದು ಗುಂಪು, ಅಪ್ಪನ ಜೊತೆ ಡಿಪೋದಲ್ಲಿ ಇದ್ದವರ ಮನೆಯವರು ಬೇರೆ. ಒಂದು ಗುಂಪು ಕಾಫಿ ಕುಡಿದು ಸುಮ್ಮನಾಗುವ ಹೊತ್ತಿಗೆ ಇನ್ನೊಂದು ಗುಂಪು ಬಾಗಿಲಲ್ಲೇ ಕೂಗು ಹಾಕಿಕೊಂಡು ಒಳಗೆ ಬರುತ್ತಿತ್ತು. ತಕ್ಷಣ ಅಮ್ಮನನ್ನು ಎಬ್ಬಿಸಿ ನಿಲ್ಲಿಸಬೇಕು. ಬಂದವರು ಸರದಿಯ ಮೇಲೆ ತಬ್ಬಿಕೊಳ್ಳುತ್ತಾರೆ. ತಬ್ಬಿಕೊಂಡವರು ಅಲುಗಾಡಿಸುತ್ತಾರೆ. ಆಮೇಲೆ ಕೇಳುತ್ತಾರೆ: "ಹೊರಡೋವಾಗ ಏನಂದ್ರಮ್ಮ? ಕೊನೇ ಮಾತು ಏನಾಡಿದ್ರು?" ಅಮ್ಮ ಹೇಳಬೇಕು. "ಅವರೆಕಾಯಿ ಸೊನೆ ಚೆನ್ನಾಗಿದೆ, ಅಕ್ಕನಿಗೆ ಕೊಟ್ಟು ಬಂದ್ಬಿಡ್ತೀನಿ, ಸಾರು ಮಾಡಿರು ಅಂದ್ರು." ಈ ಒಂದು ವಾಕ್ಯವನ್ನು ಅಮ್ಮನ ಬಾಯಿಂದ ಎಷ್ಟು ಸಲ ಹೇಳಿಸಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ಅಮ್ಮನ ಕಣ್ಣಿಂದ ಸ್ವಲ್ಪ ನೀರು ಬರುತ್ತಿತ್ತು, ಬಂದವರಿಗೆ ತಾವು ಬಂದದ್ದು ಸಾರ್ಥಕವಾಯಿತು ಅನ್ನಿಸುತ್ತಿತ್ತು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅಂತ ಹೇಳಬಾರದು, ಸುಮ್ಮನೆ ಎದ್ದು ಹೋಗಬೇಕು. ಹಾಗೇ ಎದ್ದು ಹೋಗುತ್ತಿದ್ದರು. ಹೇಳದೆ ಹೋಗುವ ಶಾಸ್ತ್ರ ಗೊತ್ತಿದ್ದ ಇವರಿಗೆ ಒಂದು ವಾರ ಬರದೇ ಇರುವ ಶಾಸ್ತ್ರ ಯಾಕೆ ಗೊತ್ತಿರಲಿಲ್ಲ ಅಂತ ಈಗಲೂ ಹಲ್ಲು ಕಡಿಯುತ್ತೇನೆ.

ಮೂರನೆಯ ದಿನ, ಹಾಲು ತುಪ್ಪ ಬಿಟ್ಟು ಗಂಡಸರು ವಾಪಸ್ಸು ಬಂದ ಮೇಲೆ, ನಾನು ಅಮ್ಮನಿಗೆ ಕಾಫಿ ತಂದೆ. ಅಮ್ಮ ಲೋಟ ತಗೊಳ್ಳಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ, "ಎದೆ ಮೇಲೆ ಯಾರೋ ಕೂತಂಗಿದೆ ಕಣೇ. ಬೆನ್ನಿಗೂ ಹೊಡೀತಿದೆ" ಅಂದರು.

ಅತ್ತೆಗೆ ಕೇಳಿಸಿತು. "ದುಕ್ಕ ಕಣವ್ವ ಅದು" ಅಂದಳು. "ಒಳಗೇ ಇಟ್ಕಂಡವ್ಳೆ, ಎದೆಗೆ ಇಳಿದೈತೆ. ಚೆನ್ನಾಗಿ ಅತ್ಬುಟ್ರೆ ಓಯ್ತದೆ."

"ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ ಅತ್ತೆ. ಒಂದು ಇಸಿಜಿ ತೆಗೆಸ್ಬಿಡೋಣ, ಅರ್ಧ ಗಂಟೆ ಕೆಲಸ."

"ಸೂತಕ ಕಳೀದೆ ಒಸ್ತಿಲು ದಾಟೋ ಅಂಗಿಲ್ಲ. ನಿಮ್ಮಪ್ಪನ ಜೀವ ಇನ್ನೂ ಈ ಮನೇಲೇ ಸುತ್ತಾಡ್ತಾ ಐತೆ. ಇವಳು ಒಸ್ತಿಲು ದಾಟಿದ್ರೆ ಅವನು ದಾರಿ ತಪ್ತಾನೆ. ನಿನ್ ತಮ್ಮನಿಗೆ ಒಳ್ಳೇದಾಗಲ್ಲ."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಲೆ ಆಡಿಸಿದರು. "ಬೇಡ ಬಿಡು. ಹನ್ನೊಂದು ದಿನ ಕಳೀಲಿ." ನನ್ನ ತಮ್ಮ, ಬೋಳಿಸಿದ ತಲೆಯ ಮೇಲೆ ಟವೆಲ್ ಹೊದ್ದು ಜಗಲಿಯಲ್ಲಿ ಕೂತಿದ್ದ. ಅವನ ಹತ್ತಿರ ಹೋದೆ. "ಅತ್ತೆ ಹೇಳ್ದಂಗೆ ಮಾಡೋಣ ಕಣಕ್ಕ. ಆಮೇಲೆ ಏನಾದ್ರೂ ಆದ್ರೆ?" ಅಂದ. ಏನಾದ್ರೂ ಅಂದ್ರೆ ಏನು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾಗದೆ ಮೂವತ್ತು ದಾಟಿದ ಹೆಣ್ಣಿನ ಮಾತಿಗೆ ಸಾವಿನ ಮನೆಯಲ್ಲಿ ಎಷ್ಟು ಬೆಲೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಇಲ್ಲಿಂದ ಮುಂದೆ ಬರೆಯಲು ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನು ಏನು ಮಾಡಿದೆ? ಅಂಗಡಿಯಿಂದ ಸೋಡಾ ತರಿಸಿ ಕುಡಿಸಿದೆ. ಓಮದ ಕಷಾಯ ಮಾಡಿದೆ. ಹರಳೆಣ್ಣೆ ಬಿಸಿ ಮಾಡಿ ಬೆನ್ನಿಗೆ ತಿಕ್ಕಿದೆ. ನಾಲ್ಕು ವರ್ಷದಿಂದ ದಿನವಿಡೀ ಕಂಡವರ ಎದೆಗೆ ಬುರುಡೆ ಅಂಟಿಸಿದವಳು, "ಗ್ಯಾಸ್ ಅಂದ್ಕೊಂಡು ಮೂರು ದಿನ ಮನೇಲೇ ಇದ್ರಾ? ಬುದ್ಧಿ ಬೇಡ್ವಾ ನಿಮಗೆ?" ಅಂತ ಎಷ್ಟೋ ಜನರ ಮಕ್ಕಳಿಗೆ ಗದರಿಸಿದವಳು, ನನ್ನ ಅಮ್ಮನಿಗೆ ಸೋಡಾ ಕುಡಿಸಿ ಮೂರು ದಿನ ಕಳೆದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ಅನ್ನುತ್ತಾರಲ್ಲ, ನಾನು ಅಲೆಯಲೂ ಇಲ್ಲ. ಸುಮ್ಮನೆ ಕೂತಿದ್ದೆ. ದುಃಖದಿಂದ ಬಂದ ನೋವು, ದುಃಖ ಇಳಿದರೆ ಇಳಿಯುತ್ತದೆ ಅಂತ ನಾನೂ ಎಲ್ಲೋ ನಂಬಿಬಿಟ್ಟಿದ್ದೆ.

ಆರನೆಯ ದಿನ ಬೆಳಿಗ್ಗೆ ಅಮ್ಮ ಹಲ್ಲುಜ್ಜಲು ಹಿತ್ತಲ ಬಾಗಿಲವರೆಗೆ ನಡೆದು ಅರ್ಧದಲ್ಲೇ ಕೂತುಬಿಟ್ಟರು. ಏದುಸಿರು. ಆಗ ನನಗೆ ತಡೆಯಲಾಗಲಿಲ್ಲ. ರಜೆ ಚೀಟಿ ಕೊಟ್ಟು ಬರುತ್ತೇನೆ ಅಂತ ಸುಳ್ಳು ಹೇಳಿ ನರ್ಸಿಂಗ್ ಹೋಮಿಗೆ ಹೋದೆ. ನಮ್ಮ ಡಾಕ್ಟರಿಗೆ ವಿಷಯ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅವರು ಬರಲ್ಲ ಅಂದ್ರೆ ಮಿಷಿನ್ ತಗೊಂಡ್ ಹೋಗಿ. ಕಾಗದ ನೋಡಿದ ಮೇಲೆ ನೀವು ಅಲ್ಲಿ ಒಂದು ನಿಮಿಷಾನೂ ನಿಲ್ಬೇಡಿ" ಅಂದರು. ಮನೆಗಳಿಗೆ ಹೋಗಿ ತೆಗೆಯಲು ಒಂದು ಸಣ್ಣ ಯಂತ್ರವಿತ್ತು. ಅದನ್ನು ಊಟದ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಬಂದಾಗ ಬಾಗಿಲಲ್ಲಿ ಒಂದು ಟೆಂಪೋ ನಿಂತಿತ್ತು. ಅಮ್ಮನ ತವರಿನ ಕಡೆಯವರು. ನಡುಮನೆಯಲ್ಲಿ ಮೂವರು ಹೆಂಗಸರು ಅಮ್ಮನನ್ನು ಹಿಡಿದುಕೊಂಡು ಅಲುಗಾಡಿಸುತ್ತಾ ಗೋಳಾಡುತ್ತಿದ್ದರು. ಅಮ್ಮ ಜೋರಾಗಿ ಅಳುತ್ತಿದ್ದರು, ಆ ಆರು ದಿನದಲ್ಲಿ ಮೊದಲ ಸಲ. ಜನವರಿಯ ಚಳಿಯಲ್ಲಿ ಅವರ ಹಣೆ, ಕತ್ತು, ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾಗಿದ್ದವು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಅತ್ತೆ ನಿಂತು, "ಬಂತು ನೋಡಿ, ಈಗ ಬಂತು. ಬರ್ಲಿ, ಬರ್ಲಿ, ಎಲ್ಲಾ ಬರ್ಲಿ" ಅನ್ನುತ್ತಿದ್ದಳು.

ನಾನು ಆ ಮೂವರ ಕೈ ಬಿಡಿಸಿದ್ದು ಮೆತ್ತಗೇನಲ್ಲ. ಒಬ್ಬಾಕೆಯ ಉಗುರು ನನ್ನ ಕೈಗೆ ತಾಗಿ ರಕ್ತ ಬಂತು. ಅಮ್ಮನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ ಚಿಲಕ ಜಡಿದೆ. ನೆಲದ ಮೇಲೆ ಮಲಗಿಸಿದೆ. ಪಕ್ಕದಲ್ಲಿ ಅಪ್ಪ ಮನೆಗೆ ಅಂತ ಇಟ್ಟುಹೋದ ಅವರೆಕಾಯಿಯ ಚೀಲ ಹಾಗೇ ಇತ್ತು, ಬಿಡಿಸುವವರಿಲ್ಲದೆ ಬಾಡಿ ವಾಸನೆ ಬರುತ್ತಿತ್ತು. ಕ್ಲಿಪ್ ಹಾಕುವಾಗ ಅಭ್ಯಾಸಬಲದಿಂದ, "ಬಳೆ ಮೇಲಕ್ಕೆ ಸರಿಸ್ಕೊ, ತಾಳಿ ಪಕ್ಕಕ್ಕೆ ಹಾಕ್ಕೊ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಹೇಳಿದ ಹಾಗೆ ಮಾಡಿದರು.

ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. "ಬಾಗ್ಲು ತಗಿ! ಗಂಡ ಸತ್ತ ಎಂಗಸನ್ನ ಒಳಗಾಕ್ಕಂಡು ಏನ್ ಮಾಡ್ತಿದೀಯ?" ಅತ್ತೆಯ ಗಂಟಲು. ನಾನು ಬಟನ್ ಒತ್ತಿದೆ. ಕಾಗದ ಬರತೊಡಗಿತು. ಎದೆಯ ಮುಂಭಾಗದ ಗೆರೆಗಳಲ್ಲಿ, ಒಂದು ಬಡಿತ ಮುಗಿದು ಗೆರೆ ಸಮತಟ್ಟಾಗಿ ಹೋಗಬೇಕಾದ ಜಾಗದಲ್ಲಿ, ಅದು ಗುಡ್ಡದ ಹಾಗೆ ಎದ್ದು ನಿಂತಿತ್ತು. ಎರಡನೆಯ ಸಲ ನೋಡಬೇಕಾದ ಅಗತ್ಯವಿರಲಿಲ್ಲ. ಇಂಥ ಕಾಗದ ಹಿಡಿದುಕೊಂಡು ನಾನು ಎಷ್ಟೋ ಸಲ ಡಾಕ್ಟರ ಕೋಣೆಗೆ ಓಡಿದ್ದೇನೆ.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಏನ್ ಬಂತು?"

"ಏನಿಲ್ಲಮ್ಮ. ಏಳು, ಹೋಗೋಣ" ಅಂದೆ. ನಾಲ್ಕು ವರ್ಷ ಕಲಿತ ಮುಖ ಅವತ್ತು ಕೆಲಸಕ್ಕೆ ಬಂತು.

ಚಿಲಕ ತೆಗೆದರೆ ಅತ್ತೆ ಬೀದಿ ಬಾಗಿಲಿನ ಎರಡೂ ಕಂಬಕ್ಕೆ ಕೈ ಊರಿ ಅಡ್ಡ ನಿಂತಿದ್ದಳು. ಅವಳ ಹಿಂದೆ ಟೆಂಪೋದವರೆಲ್ಲ. ನಾನು ಕಾಗದವನ್ನು ಅವಳ ಮುಖಕ್ಕೆ ಹಿಡಿದೆ. ಅದರಲ್ಲಿ ಅವಳಿಗೆ ಏನು ಅರ್ಥವಾಗಬೇಕು? ಆದರೂ ಹಿಡಿದೆ. "ದಾರಿ ಬಿಡಿ ಅತ್ತೆ. ಇಲ್ಲಾಂದ್ರೆ ಹನ್ನೊಂದನೇ ದಿನ ಇಬ್ಬರದೂ ಒಟ್ಟಿಗೇ ಮಾಡ್ಬೇಕಾಗತ್ತೆ." ಅಂಥ ಮಾತನ್ನು ಅಂಥ ಮನೆಯಲ್ಲಿ ಯಾರೂ ಆಡುವುದಿಲ್ಲ.

ಎದುರುಮನೆಯ ಆಟೋ ಓಡಿಸುವವರು ಗಲಾಟೆ ಕೇಳಿ ಗೇಟಿನ ಹತ್ತಿರ ಬಂದಿದ್ದರು. ಅಪ್ಪನ ಜೊತೆ ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವರು, ಅಮ್ಮ ಭಾಯಿ ಅಂತ ಕರೆಯುತ್ತಿದ್ದವರು. ಏನೂ ಕೇಳದೆ ಹೋಗಿ ಆಟೋ ಸ್ಟಾರ್ಟ್ ಮಾಡಿ ಗೇಟಿಗೆ ತಂದು ನಿಲ್ಲಿಸಿದರು. "ಅಮ್ಮಾ, ಮೊದ್ಲು ಬಂದು ಕೂತ್ಕೊಳ್ಳಿ. ಜಾನ್, ಜೀವ ಇದ್ರೆ ಶಾಸ್ತ್ರ ಯಾವಾಗ್ ಬೇಕಾದ್ರೂ ಮಾಡ್ಬೋದು" ಅಂದರು. ಆಗ ನನ್ನ ತಮ್ಮ ಜಗಲಿಯಿಂದ ಎದ್ದ. ಆರು ದಿನ ಬಾಯಿ ಬಿಡದವನು, ಹೆಗಲ ಟವೆಲ್ ಸೊಂಟಕ್ಕೆ ಬಿಗಿದು, ಅತ್ತೆಯ ಒಂದು ಕೈಯನ್ನು ಕಂಬದಿಂದ ತೆಗೆದು ಬದಿಗೆ ಸರಿಸಿ, ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದ. ಅಮ್ಮನ ಕಾಲು ಹೊಸ್ತಿಲು ಮುಟ್ಟಲೇ ಇಲ್ಲ.

ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಕಾಗದ ನೋಡಿದ ತಕ್ಷಣ ಅಮ್ಮನನ್ನು ಸ್ಟ್ರೆಚರ್ ಮೇಲೆ ಮಲಗಿಸಿದರು. ತೊಡೆಯಿಂದಲೋ ಕೈಯಿಂದಲೋ ನಳಿಗೆ ಹಾಕಿ ಹೃದಯದ ರಕ್ತನಾಳ ನೋಡಬೇಕು ಅಂದರು. ಒಬ್ಬ ನರ್ಸ್ ಬಂದಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಒಂದು ಟ್ರೇಯಲ್ಲಿ ಸೋಪಿನ ನೀರು ತಂದು, "ಕೈ ಸಡಿಲ ಬಿಡಿ ಅಮ್ಮ" ಅಂತ ಹೇಳಿ ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ಕಾಲುಂಗುರ ತೆಗೆದಳು. ಕತ್ತಿನ ಹಿಂದೆ ಕೈ ಹಾಕಿ ತಾಳಿ ತೆಗೆದಳು. ಹಣೆಯ ಮೇಲಿದ್ದ ಕುಂಕುಮ ಬೆವರಿಗೆ ಇಳಿದು ಕಣ್ಣಿಗೆ ಬರುತ್ತಿತ್ತು, ಹತ್ತಿಯಿಂದ ಒರೆಸಿದಳು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟು ಒಂದು ಫಾರಂ ಮೇಲೆ ಸಹಿ ಹಾಕಿಸಿಕೊಂಡಳು. ಎರಡು ನಿಮಿಷವೂ ಆಗಿರಲಿಲ್ಲ.

ಅಮ್ಮ ತಮ್ಮ ಬರಿಗೈಯನ್ನು ಎತ್ತಿ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿ, "ಅಷ್ಟೇನಾ?" ಅಂದರು.

"ಅಷ್ಟೇಮ್ಮ."

"ಇದಕ್ಕೇನಾ ಅವರು ಹನ್ನೊಂದು ದಿನ ಕಾಯಿಸ್ತಿದ್ದಿದ್ದು?"

ರಕ್ತನಾಳಗಳೆಲ್ಲ ಚೆನ್ನಾಗಿದ್ದವು. ಎಲ್ಲೂ ಅಡ್ಡಿಯಿಲ್ಲ. ಆದರೆ ಹೃದಯದ ಎಡಭಾಗದ ಕೆಳಗಿನ ಅರ್ಧ ಕೆಲಸ ನಿಲ್ಲಿಸಿ ಬಲೂನಿನ ಹಾಗೆ ಉಬ್ಬಿ ನಿಂತಿತ್ತು. ಅಲ್ಲಿನ ಹೃದಯದ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು, ಕತ್ತು ಸಣ್ಣ, ಹೊಟ್ಟೆ ದಪ್ಪ ಇರುವ ಮಡಕೆಯ ಚಿತ್ರ. ಇದ್ದಕ್ಕಿದ್ದಂತೆ ಭಾರಿ ಆಘಾತವಾದಾಗ, ಹತ್ತಿರದವರು ಸತ್ತಾಗ, ದೇಹ ಸುರಿಸುವ ರಸಗಳ ಹೊಡೆತಕ್ಕೆ ಹೃದಯದ ಸ್ನಾಯು ಹೀಗೆ ಮರಗಟ್ಟಿ ಹೋಗುವುದುಂಟು, ಅಮ್ಮನ ವಯಸ್ಸಿನ ಹೆಂಗಸರಿಗೇ ಹೆಚ್ಚು ಅಂದರು. ಜೋಪಾನ ಮಾಡಿದರೆ ಕೆಲವು ವಾರದಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ, ಅಪಾಯವೆಲ್ಲ ಮೊದಲ ದಿನಗಳಲ್ಲಿ. "ಆ ಮೊದಲ ದಿನಗಳಲ್ಲಿ ಏನ್ ಮಾಡ್ತಿದ್ರಿ?" ಅಂತ ಕೇಳಿದರು. ಅಳಿಸುತ್ತಿದ್ದೆವು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಅತ್ತೆ ಆಸ್ಪತ್ರೆಗೆ ಬಂದಳು. ಗಾಜಿನ ಬಾಗಿಲಿನ ಹೊರಗೆ ನಿಂತು ತಮ್ಮನಿಂದ ಎಲ್ಲಾ ಕೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಾನು ಏಳಿರ್ನಿಲ್ವಾ ಅದು ದುಕ್ಕ ಅಂತ? ನೋಡು, ಡಾಕ್ಟ್ರೂ ಅದನ್ನೇ ಅಂದವ್ರೆ" ಅಂದಳು.

ಆ ಕ್ಷಣದ ಸಿಟ್ಟನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು, ಅದೇ ನನ್ನನ್ನು ಸುಟ್ಟದ್ದು. ದುಃಖ ಎದೆಗೆ ಇಳಿಯುತ್ತದೆ ಅನ್ನುವುದು ನಮ್ಮ ಜನಕ್ಕೆ ಡಾಕ್ಟರುಗಳಿಗಿಂತ ಮೊದಲೇ ಗೊತ್ತು. ಆದರೆ ದುಃಖದಿಂದ ಬಂದ ಎದೆನೋವು ನಿಜವಾದ ಎದೆನೋವಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರು? ಕಾರಣ ಗೊತ್ತಿದ್ದೂ ಕೂರಿಸಿಕೊಂಡರು. ಮೆಟ್ಟಿಲಿಂದ ಬಿದ್ದು ಕಾಲು ಮುರಿದವಳಿಗೆ, ಮೆಟ್ಟಿಲಿಂದ ಬಿದ್ದದ್ದಲ್ಲವೇ, ಹೋಗುತ್ತದೆ ಬಿಡು ಅನ್ನುತ್ತಾರಾ? ನನ್ನ ಕೋಣೆಗೆ ಬರುವವರಲ್ಲೂ ಇದನ್ನೇ ನೋಡಿದ್ದೇನೆ. ಮಗಳ ನಿಶ್ಚಿತಾರ್ಥ ಮುರಿದು ಎದೆ ಹಿಡಿದುಕೊಂಡು ಬಂದ ತಾಯಿ, ಕೆಲಸ ಹೋಗಿ ಬಂದ ಗಂಡಸು, ಅವರ ಹಿಂದೆಯೇ ಬಂದು "ಟೆನ್ಷನ್ ಅಷ್ಟೇ ಮೇಡಂ" ಅನ್ನುವ ಮನೆಯವರು. ಆ ಅಷ್ಟೇ ಅನ್ನುವ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ಹನ್ನೊಂದನೆಯ ದಿನ ಅಮ್ಮ ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ಮನೆಯಲ್ಲಿ ತಮ್ಮ ಒಬ್ಬನೇ ಅಪ್ಪನ ತಿಥಿ ಮಾಡಿದ. ಅಮ್ಮ ಮನೆಗೆ ಬಂದು ಒಂದು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಅತ್ತೆ ಬಂದಳು. ಒಬ್ಬಳೇ. ಕೈಯಲ್ಲಿ ಒಂದು ಚೀಲ. ನಾನು ಗೇಟಿನಲ್ಲೇ ಚೀಲದೊಳಗೆ ನೋಡಿದೆ. ಎರಡು ಮೊಳ ಮಲ್ಲಿಗೆ, ಕುಂಕುಮದ ಪೊಟ್ಟಣ, ಪೇಪರಿನಲ್ಲಿ ಸುತ್ತಿದ ಹಸಿರು ಗಾಜಿನ ಬಳೆ.

"ಶಾಸ್ತ್ರ ಅರ್ಧಕ್ಕೆ ನಿಂತೋಗೈತೆ. ಆಸ್ಪತ್ರೇಲಿ ತೆಗೆದಿದ್ದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ತೊಡಿಸಿ, ತೆಗೆದ್ಬುಟ್ರೆ ಮುಗೀತು. ಜಾಸ್ತಿ ಒತ್ತಾಗಲ್ಲ."

ಒಡೆಯುವುದಕ್ಕಾಗಿ ತೊಡಿಸಲು ಬಂದಿದ್ದಳು. ಒಳಗೆ ಅಮ್ಮ ಮಾತ್ರೆ ನುಂಗಿ ಮಲಗಿದ್ದರು. ಆಗ ನಾನು ಗೇಟಿನ ಚಿಲಕ ತೆಗೆಯದೆ, ಬೀದಿಯವರಿಗೆಲ್ಲ ಕೇಳುವ ಹಾಗೆ ಅಂದೆ: "ಅಪ್ಪ ಸತ್ತಿದ್ದು ನಿಮ್ಮನೆಗೆ ಬರೋವಾಗ. ಒಬ್ಬರನ್ನ ತಿಂದಿದ್ದು ಸಾಲಲಿಲ್ವಾ? ಅಮ್ಮನೂ ಬೇಕಾ ನಿಮಗೆ?"

ಅತ್ತೆಯ ಎಡಗೈ ಮುಷ್ಟಿ ಎದೆಯ ನಡುವೆ ಹೋಯಿತು. ಚೀಲವನ್ನು ಗೇಟಿನ ಪಕ್ಕ ನೆಲದ ಮೇಲೆ ಇಟ್ಟು, ಹೋಗಿ ಬರ್ತೀನಿ ಅಂತ ಹೇಳದೆ, ತಿರುಗಿ ನಡೆದಳು. ನಾನು ಬಳೆಗಳನ್ನು ಪೇಪರಿನ ಸಮೇತ ಕಸದ ಗಾಡಿಗೆ ಹಾಕಿದೆ. ತುಂಬ ಹಗುರ ಅನ್ನಿಸಿತು. ಅವತ್ತು ಎರಡು ರಾಗಿಮುದ್ದೆ ಉಂಡೆ.

ಅಮ್ಮನ ಹೃದಯ ಸರಿಹೋಯಿತು. ಆರು ವಾರದ ಮೇಲೆ ಮಾಡಿದ ಸ್ಕ್ಯಾನ್‌ನಲ್ಲಿ ಮಡಕೆ ಇರಲಿಲ್ಲ. ಅವರು ಬಣ್ಣದ ಸೀರೆ ಉಡುತ್ತಾರೆ, ಒಂದೊಂದು ಚಿನ್ನದ ಬಳೆ ಹಾಕಿಕೊಳ್ಳುತ್ತಾರೆ, ಅವರೆಕಾಯಿ ಕಾಲ ಬಂದಾಗ ಮಾತ್ರ ಒಂದೆರಡು ದಿನ ಯಾರ ಜೊತೆಯೂ ಮಾತಾಡುವುದಿಲ್ಲ. ಅತ್ತೆ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಆರು ವರ್ಷ. ಅಮ್ಮ ಎರಡು ಸಲ ಕೇಳಿದರು, "ಅತ್ತಿಗೆ ಯಾಕೆ ಬರಲ್ಲ?" ನನಗೆ ಗೊತ್ತಿಲ್ಲ ಅಂದೆ.

ಎರಡು ಸಾವಿರದ ಹದಿನೆಂಟರಲ್ಲಿ ಒಂದು ಬೆಳಿಗ್ಗೆ ನನ್ನ ಕೋಣೆಯ ಪರದೆ ಸರಿಸಿಕೊಂಡು ಅತ್ತೆ ಒಳಗೆ ಬಂದಳು. ಕಣ್ಣಿನ ಪೊರೆ ತೆಗೆಸಬೇಕು, ಅದಕ್ಕೆ ಮುಂಚೆ ಇಸಿಜಿ ಬೇಕು ಅಂದಿದ್ದರಂತೆ. ಸೊಸೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪೊರೆಯ ಕಣ್ಣಿಗೆ ನಾನು ಯಾರು ಅಂತ ಮೊದಲು ಕಾಣಲಿಲ್ಲ. ಮಲಗಿ ಅಂದೆ. ದನಿಯಲ್ಲಿ ಗುರುತು ಸಿಕ್ಕಿತು.

"ಬಳೆ ಮೇಲಕ್ಕೆ ಸರಿಸ್ಕೊಳ್ಳಿ" ಅಂತ ಅಭ್ಯಾಸದಲ್ಲಿ ಬಾಯಿಗೆ ಬಂದೇಬಿಟ್ಟಿತು. ಬರಿಗೈಯನ್ನು ಚಾಚಿ, "ಎಲ್ಲೈತೆ ಮಗಾ?" ಅಂದಳು ಅತ್ತೆ.

ಕಾಗದ ಬಂತು. ಪ್ರತಿ ಬಡಿತದ ಆರಂಭದಲ್ಲಿ, ಮೊದಲು ಮೇಲೇಳಬೇಕಾದ ಗೆರೆ ಆಳಕ್ಕೆ ಇಳಿದು ಆಮೇಲೆ ಎದ್ದಿತ್ತು. ಹೃದಯದ ಒಂದು ಭಾಗ ಯಾವಾಗಲೋ ಸತ್ತು ಗಾಯ ಒಣಗಿ ಕಲೆಯಾಗಿದ್ದರೆ ಹೀಗೆ ಬರುತ್ತದೆ. ಡಾಕ್ಟರನ್ನು ಕರೆದೆ. ಅವರು ಸ್ಕ್ಯಾನ್ ಮಾಡಿ ನೋಡಿದರು. "ಅಜ್ಜಿ, ನಿಮಗೆ ಹಾರ್ಟ್ ಅಟ್ಯಾಕ್ ಆಗಿತ್ತಾ?" ಅಂದರು. ಇಲ್ಲ ಅಂದಳು. "ಆಗಿದೆ. ಹಳೇದು." ಹೊರಗೆ ಬಂದು ನನಗೆ, "ಎದೆನೋವು ಯಾವಾಗ ಬಂದಿತ್ತು ಅಂತ ಕೇಳಿ ಹಿಸ್ಟರಿ ಬರ್ಕೊಳ್ಳಿ" ಅಂದರು. ಎಷ್ಟು ಹಳೆಯದಿರಬಹುದು ಅಂತ ಕೇಳಿದೆ. "ಐದಾರು ವರ್ಷದ್ದೋ, ಮೂವತ್ತು ವರ್ಷದ್ದೋ, ಕಲೆ ನೋಡಿ ಹೇಳಕ್ಕಾಗಲ್ಲ" ಅಂದರು.

ಪೆನ್ನು ಹಿಡಿದು ಅತ್ತೆಯ ಪಕ್ಕ ಕೂತೆ. ಮುಖ ಕಲ್ಲು ಮಾಡಿಕೊಂಡಿದ್ದೆ.

"ನಿಮ್ ಮಾವ ಓದಾಗ ಬಂದಿತ್ತು" ಅಂದಳು. "ಮೂಲೇಲಿ ಕೂರ್ಸಿದ್ರಲ್ಲ, ಆಗ. ಎದೆ ಮೇಲೆ ರುಬ್ಬೋ ಗುಂಡು ಇಟ್ಟಂಗೆ. ನಿಮ್ಮಪ್ಪ ಡಾಕ್ಟ್ರತ್ರ ಕರ್ಕಂಡ್ ಓಗ್ತೀನಿ ಅಂತ ಬಾಗ್ಲಲ್ಲಿ ಬಂದು ನಿಂತಿದ್ದ. ಒಸ್ತಿಲು ದಾಟ್ಬಾರ್ದು ಅಂದ್ರು, ನಾನೂ ಬ್ಯಾಡ ಅಂದೆ. ನಾಕು ದಿನ ಇತ್ತು, ಅತ್ತೂ ಅತ್ತೂ ಓಯ್ತು. ಬದುಕ್ಲಿಲ್ವಾ ನಾನು? ಅದ್ಕೇ ನಿಮ್ಮಮ್ಮನಿಗೂ ಓಯ್ತದೆ ಅಂದ್ಕಂಡೆ. ನಂಗೆ ಗೊತ್ತಿದ್ದಿದ್ದು ಅಷ್ಟೇ ಕಣವ್ವ."

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಇವಳನ್ನು ಹಿಡಿದು ಅಲುಗಾಡಿಸಿದ ಹೆಂಗಸರ ಕಡೆಗೆ ಅದನ್ನು ತಿರುಗಿಸಿದೆ. ಅವರಲ್ಲಿ ಯಾರೂ ಬದುಕಿಲ್ಲ. ಅತ್ತೆ ಹೇಳಿದ್ದನ್ನು ಬರೆದುಕೊಂಡು, ಪೆನ್ನು ಮುಚ್ಚುವ ಮುಂಚೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದೆ. "ಆಮೇಲೆ ಯಾವಾಗ್ಲಾದ್ರೂ ಹಂಗೆ ಬಂದಿತ್ತಾ ಅತ್ತೆ?"

ಅತ್ತೆ ಮಂಚದ ಅಂಚು ಹಿಡಿದು ಎದ್ದು ಕೂತಳು.

"ಒಂದೇ ಸಲ. ನೀನು ಗೇಟ್ ತಾವ ಅಂದ್ಯಲ್ಲ, ಅವತ್ತು. ಬಸ್ ಸ್ಟಾಪಿನ ಕಲ್ಲ ಮೇಲೆ ಕೂತ್ಬುಟ್ಟೆ. ಮೈಯೆಲ್ಲ ನೀರು. ನಾಕು ಬಸ್ಸು ಬಂದ್ವು, ಏರಕ್ಕೆ ಆಗ್ನಿಲ್ಲ." ಆಮೇಲೆ ನನ್ನ ಮುಖ ಕಾಣದಿದ್ದರೂ ಅದರ ಕಡೆಗೇ ನೋಡುತ್ತಾ, "ಯಾರ್ಗೂ ಏಳ್ನಿಲ್ಲ. ಅದು ದುಕ್ಕ ಅಷ್ಟೇ ಅಂತ ಸುಮ್ಕಾದೆ" ಅಂದಳು.

ಎದೆನೋವು ಯಾವಾಗ ಅನ್ನುವ ಜಾಗದಲ್ಲಿ ನಾನು ಎರಡನ್ನೂ ಬರೆದೆ.